ಎಲ್ಲರೂ ಬರಬೇಕಂತೆ

ನೆರೆಗೆ ಮನೆ ಬಿಟ್ಟುಬಂದವರು ಶಾಲೆಯ ಕೋಣೆಯಲ್ಲಿ ಬೆಂಚು ಜೋಡಿಸಿಕೊಂಡು ಮಲಗುತ್ತಿದ್ದರು. ಎರಡು ಬೆಂಚಿನ ನಡುವೆ ಸಂದು. ನಿದ್ದೆಗಣ್ಣಲ್ಲಿ ಹೊರಳಿದರೆ ಸೊಂಟ ಅದರೊಳಗೆ ಇಳಿಯುತ್ತಿತ್ತು. ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವಳು ಹತ್ತಿಯಕ್ಕ. ಈಗ ಅವಳಿಗೇ ಗೋಣಿತಟ್ಟು ಗತಿ. ಕಪ್ಪು ಮುಖಕ್ಕೆ ಸದಾ ಬಿಳಿ ಎಳೆ ಅಂಟಿರುತ್ತಿದ್ದುದರಿಂದ ಬಂದ ಹೆಸರು ಅದು. ಹತ್ತಿ ನೆರೆಯಲ್ಲಿ ಹೋಯಿತು, ಹೆಸರು ಉಳಿಯಿತು.

ನೀರು ಬಣ್ಣ ನೋಡಿ ಬರಲಿಲ್ಲ. ಮೇಲಿನ ಬೀದಿಯ ಬಿಳಿಯರ ಮನೆಗೂ ನುಗ್ಗಿತು, ಹೊಳೆಬೀದಿಯ ಕರಿಯರ ಮನೆಗೂ ನುಗ್ಗಿತು. ಬಣ್ಣ ನೋಡಿದ್ದು ಆಮೇಲೆ ಬಂದ ಮನುಷ್ಯರು. ಮೇಲಿನ ಬೀದಿಯವರಿಗೆ ಹೋಟೆಲಿನಲ್ಲಿ ಕೋಣೆ ಸಿಕ್ಕಿತು. ವಾರ ತುಂಬುವುದರೊಳಗೆ ಅವರು ಮನೆ ಸೇರಿ, ಗೋಡೆಗೆ ಸುಣ್ಣವನ್ನೂ ಹೊಡೆಸಿದರು. ಹೊಳೆಬೀದಿಯವರನ್ನು ಮೂರು ಶಾಲೆಗಳಿಗೆ ಹಂಚಿ ಹಾಕಿದ್ದರು. ಅಕ್ಕ ಇಲ್ಲಿ, ತಂಗಿ ಅಲ್ಲಿ. ಸೇತುವೆ ದಾಟಿದರೆ ಅವರ ಬೀದಿ. ಸೇತುವೆಗೆ ಬಂದೂಕಿನ ಕಾವಲು. ಕೇಳಿದರೆ, "ಇನ್ನೂ ಅಪಾಯ ಇದೆ" ಅನ್ನುವ ಒಂದೇ ಉತ್ತರ.

ಹತ್ತಿಯಕ್ಕನ ಅತ್ತೆಗೆ ಕಾಲು ಬಿದ್ದುಹೋಗಿತ್ತು, ಬಾಯಿ ಗಟ್ಟಿಯಾಗಿತ್ತು. ದಿನಾ ಬೆಳಗ್ಗೆ ಅವಳದು ಒಂದೇ ರಾಗ. "ನನ್ನ ಮನೇಲಿ ಪ್ರಾಣ ಬಿಡಬೇಕು ಕಣೇ. ಈ ಹಾಳು ಬೆಂಚಿನ ಮೇಲಲ್ಲ." ಹತ್ತಿಯಕ್ಕ ಮಾತು ಕೊಟ್ಟಿದ್ದಳು. ಕೊಟ್ಟ ಮಾತು ದಿನದಿಂದ ದಿನಕ್ಕೆ ಕುತ್ತಿಗೆಗೆ ಉರುಳಾಗುತ್ತಿತ್ತು.

ಒಂದು ದಿನ ಶಿಬಿರದ ಸಾಹೇಬ ಹಲ್ಲು ಬಿಟ್ಟುಕೊಂಡು ಬಂದ. ನಿನ್ನೆಯವರೆಗೆ "ಏಯ್" ಅನ್ನುತ್ತಿದ್ದವನ ಬಾಯಲ್ಲಿ "ಅಮ್ಮಾ" ಅಂತ ಬಂತು.

"ಅಮ್ಮಾ, ಇವತ್ತು ಬಯಲಲ್ಲಿ ಹಿಪ್-ಹಾಪ್ ಪ್ರೋಗ್ರಾಂ. ನಿಮಗೆಲ್ಲ ಬಿಟ್ಟಿ. ಬಸ್ಸೂ ನಮ್ಮದೇ. ಎಲ್ಲರೂ ಬರಬೇಕು."

"ನಮ್ಮತ್ತೆಗೆ ನಡೆಯಕ್ಕಾಗಲ್ಲ ಸಾರ್. ನಾನು ಇಲ್ಲೇ ಇರ್ತೀನಿ."

"ಎತ್ತಿಸಿಕೊಂಡು ಹೋಗ್ತೀವಿ."

"ಅವರಿಗ್ಯಾಕೆ ಸಾರ್ ಈ ವಯಸ್ಸಲ್ಲಿ ಹಿಪ್ಪು, ಹಾಪು?"

"ಗಾಳಿ ಆದ್ರೂ ಕುಡೀಲಿ ಬಿಡಮ್ಮ. ಒಬ್ಬರೂ ಹಿಂದೆ ಉಳೀಬಾರದು, ಅಷ್ಟೇ."

ಅವನು ಅತ್ತ ಹೋದಮೇಲೆ ಮುದುಕಿ ಗೊಣಗಿದಳು. "ಬೆಕ್ಕು ಇಲೀನ ಊಟಕ್ಕೆ ಕರೆದರೆ, ಊಟ ಯಾವುದು ಅಂತ ಮೊದಲು ಕೇಳ್ಕೋಬೇಕು."

"ನಿಮಗೆ ಎಲ್ಲದರಲ್ಲೂ ಕೊಂಕೇ ಅತ್ತೆ," ಅಂದಳು ಹತ್ತಿಯಕ್ಕ. ಅತ್ತೆಯ ಹೊದಿಕೆಯನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡಳು.

ಬಯಲಿಗೆ ಮೂರೂ ಶಾಲೆಗಳ ಬಸ್ಸು ಬಂದವು. ಇಳಿದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಚಾಕುವಿಗೆ ಸಾಣೆ ಹಿಡಿಯುವ ಸಾಣೆಯಣ್ಣ ಪಕ್ಕದ ಮನೆಯವನು. ನೆರೆಯ ದಿನ ಕಂಡವನು, ಮತ್ತೆ ಸಿಕ್ಕಿದ್ದು ಇವತ್ತೇ. "ಬದುಕಿದ್ದೀಯಾ ತಾಯಿ?" ಅಂದ. "ಅವತ್ತು ನೀರಿಗೆ ನೀನು ತೂತುಗೊಡ ಎಸೆದೆ ನೋಡು, ಅದನ್ನ ಹಿಡ್ಕೊಂಡೂ ಬದುಕಿದ್ದೀನಿ ಅಣ್ಣ," ಅಂದಳು. ಇಬ್ಬರೂ ನಗಾಡಿದರು.

ಅವರನ್ನೆಲ್ಲ ಒಂದು ಬದಿಗೆ ನಿಲ್ಲಿಸಿ ಹಗ್ಗ ಕಟ್ಟಿದ್ದರು. ವೇದಿಕೆಯ ಮುಂದೆ ಊರಿನ ಬಿಳಿಯ ಹುಡುಗ ಹುಡುಗಿಯರು. ಹಾಡುವವನಿಗೆ ಬೆಂಕಿಪೊಟ್ಟಣ ಅಂತ ಹೆಸರು. ಕರಿಯ, ಇವರದೇ ಬಣ್ಣ. ಅವನ ಕಾಲು ಮುಟ್ಟಲು ಬಿಳಿಯ ಕೈಗಳು ನುಗ್ಗಾಡುತ್ತಿದ್ದವು. ಹಾಡುವ ಕರಿಯ ಬೇಕು, ಪಕ್ಕದಲ್ಲಿ ಬಾಳುವ ಕರಿಯ ಬೇಡ. ಇದಕ್ಕೆ ಏನನ್ನೋಣ?

ಆದರೆ ಹಾಡು ಮಾತ್ರ ಹಾಡೇ. ದಂ, ದಂ ಅಂತ ಶುರುವಾದಾಗ ಎದೆಯೊಳಗೇ ಯಾರೋ ಬಿಲ್ಲು ಮೀಟಿ ಹತ್ತಿ ಎಕ್ಕಿದ ಹಾಗಾಯಿತು. ಅವನು ಹಾಡುತ್ತಿರಲಿಲ್ಲ, ಜಗಳ ಆಡುತ್ತಿದ್ದ. ಜಗಳಕ್ಕೂ ತಾಳ ಇತ್ತು.

"ಹೊಳೆ ಬಂತು, ಹೊಳೆ ಹೋಯ್ತು, ನನ್ನ ಬಾಗಿಲು ಎಲ್ಲಿ?
ಬೀಗ ನಂದು, ಕೈ ನಂದು, ಕೀಲಿ ಯಾರ ಜೇಬಲ್ಲಿ?"

ಹತ್ತಿಯಕ್ಕನ ಕಾಲು ತಾನಾಗಿಯೇ ಕುಣಿಯಿತು. ನಾಚಿಕೆ ಬಿಟ್ಟು ಕೈ ಎತ್ತಿದಳು, ಕೂಗಿದಳು, ಬೆವೆತಳು. ನೆರೆ ಬಂದಂದಿನಿಂದ ಒಳಗೇ ಹೆಪ್ಪುಗಟ್ಟಿದ್ದ ಅಳು ನಗುವಾಗಿ ಹೊರಬಂತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮುದುಕಿ ಕೂಡ ಕುರ್ಚಿಯ ಕೈ ಬಡಿಯುತ್ತಿದ್ದಳು. ಸುಖ ಅಂದರೆ ಸುಖ. ಅದನ್ನು ಸುಳ್ಳು ಅನ್ನುವ ಹಾಗಿಲ್ಲ.

ಗಾಳಿ ತಣ್ಣಗಾಯಿತು. ಅತ್ತೆಯ ಹೊದಿಕೆ ಬಸ್ಸಿನ ಸೀಟಿನಲ್ಲೇ ಉಳಿದಿತ್ತು. ತರಲು ಹೋದಳು.

ಬಸ್ಸಿನ ಹೊಟ್ಟೆಯ ಬಾಗಿಲು ತೆರೆದಿತ್ತು. ಇಬ್ಬರು ಆಳುಗಳು ಲಾರಿಯಿಂದ ಏನೋ ಇಳಿಸಿ ಅದರೊಳಕ್ಕೆ ತುರುಕುತ್ತಿದ್ದರು. ಅವಳ ಪಾತ್ರೆಯ ಗಂಟು. ಅತ್ತೆಯ ಮಲದ ಬಟ್ಟಲು. ಶಾಲೆಯಲ್ಲಿ ಬಿಟ್ಟುಬಂದಿದ್ದ ಪ್ರತಿಯೊಂದು ಚಿಂದಿ.

ಬೀಡಿ ಸೇದುತ್ತ ನಿಂತಿದ್ದ ಡ್ರೈವರನ ಬಳಿಗೆ ಹತ್ತಿಯಕ್ಕ ಹೋದಳು.

"ಡ್ರೈವರಣ್ಣ, ಹಾಡು ಕೇಳಕ್ಕೆ ಬಂದವರಿಗೆ ಗಂಟುಮೂಟೆ ಯಾಕೆ?"

ಡ್ರೈವರ್ ಬೀಡಿ ಎಸೆದ. ಅತ್ತಿತ್ತ ನೋಡಿದ.

"ನನ್ನ ಹೆಸರು ಹೇಳಬೇಡಕ್ಕ. ಇಲ್ಲಿಂದ ಬಸ್ಸು ಶಾಲೆಗೆ ಹೋಗಲ್ಲ. ದೂರದಲ್ಲಿ ಎಲ್ಲೋ ಬರಡು ನೆಲದಲ್ಲಿ ಡೇರೆ ಹಾಕಿದ್ದಾರಂತೆ. ಬೆಳಗಾಗೋದರೊಳಗೆ ಇಳಿಸಿ ಬಾ ಅಂದಿದ್ದಾರೆ."

"ನಮ್ಮ ಬೀದಿ?"

"ಬುಲ್ಡೋಜರ್ ಬಂದಿದೆ. ಅಲ್ಲಿ ಹೊಳೆ ನೋಡ್ತಾ ಕೂರೋ ಥರದ ಮನೆ ಕಟ್ತಾರಂತೆ. ನಿಮಗಲ್ಲ."

ಅದಕ್ಕೇ ಸಾಹೇಬ ಅಮ್ಮಾ ಅಂದನೇ! ಅದಕ್ಕೇ ಮುದುಕಿಯನ್ನೂ ಎತ್ತಿಸಿದನೇ! ತಾನು ಕುಣಿದ ಕುಣಿತವೇ ಅವಳನ್ನು ಅಣಕಿಸಿತು. ಕೆಟ್ಟ ಕೋಪ ಬಂತು.

ಹೊದಿಕೆಯನ್ನು ಅಲ್ಲೇ ಮರೆತು ಓಡಿ ಬಂದು ಸಾಣೆಯಣ್ಣನಿಗೆ ಹೇಳಿದಳು. ಅವನು ಒಂದು ಕಲ್ಲು ಎತ್ತಿಕೊಂಡ.

"ಬಸ್ಸಿನ ಗಾಜು ಪುಡಿ ಮಾಡ್ತೀನಿ."

"ಗಾಜು ಒಡೆದರೆ ಜೈಲಿಗೆ ಹಾಕಕ್ಕೆ ಅವರಿಗೆ ಸಲೀಸು. ಸುತ್ತ ನೋಡಣ್ಣ. ಮೂರು ಶಾಲೆಯವರೂ ಇದ್ದೀವಿ. ಕೂಸಿಂದ ಮುದುಕಿವರೆಗೆ ಒಬ್ಬರೂ ತಪ್ಪಿಲ್ಲ. ಇಷ್ಟು ದಿನ ನಾವು ಕೂಡದ ಹಾಗೆ ನೋಡಿಕೊಂಡ್ರು. ಇವತ್ತು ಅವರೇ ಕೂಡಿಸಿದ್ದಾರೆ."

ಸಾಣೆಯಣ್ಣ ಕಲ್ಲು ಕೆಳಗೆ ಹಾಕಿದ. ಆಮೇಲೆ ಹಗ್ಗವನ್ನು ಕುಯ್ದ. ಅವನ ಬಳಿ ಚಾಕು ಇಲ್ಲದ ದಿನ ಯಾವುದು?

ಮಾತು ಕಿವಿಯಿಂದ ಕಿವಿಗೆ ಹೋಯಿತು. ಯಾರೂ ಕೂಗಲಿಲ್ಲ. ಇಬ್ಬರು ಮುದುಕಿಯನ್ನು ಕುರ್ಚಿ ಸಮೇತ ಹೊತ್ತರು. ಇಡೀ ಬೀದಿ ಹಾಡಿಗೆ ಬೆನ್ನು ಮಾಡಿ ನಡೆಯಿತು. ಬೆಂಕಿಪೊಟ್ಟಣ ಅರ್ಧ ಸಾಲಿಗೆ ನಿಲ್ಲಿಸಿ ಅವರು ಹೋಗುವುದನ್ನೇ ನೋಡಿದ. ಮುಂದಿದ್ದ ಹುಡುಗರು, "ಹಾಡೋ, ಹಾಡೋ!" ಅಂತ ಕಿರುಚಿದರು.

ಸೇತುವೆಯ ಬಾಯಿಗೆ ಬಂದಾಗ ಬೆಳಕು ಮಾಸುತ್ತಿತ್ತು. ಬುಲ್ಡೋಜರ್ ಹೊಳೆಬೀದಿಯತ್ತ ಮುಖ ಮಾಡಿ ನಿಂತಿತ್ತು. ಅದರ ಮುಂದೆ ಅಡ್ಡಗಂಬ, ಇಬ್ಬರು ಕಾವಲಿನವರು.

"ಎಲ್ಲಿಗೆ?"

"ಮನೆಗೆ," ಅಂದಳು ಹತ್ತಿಯಕ್ಕ.

"ನೆರೆ ಸಂತ್ರಸ್ತರಿಗೆ ಪ್ರವೇಶ ಇಲ್ಲ."

"ನೆರೆ ಹೋಗಿ ಎಷ್ಟು ದಿನ ಆಯ್ತಪ್ಪ? ನಾವು ಈ ಬೀದಿಯವರು."

ಬುಲ್ಡೋಜರಿಗೂ ಅಡ್ಡಗಂಬಕ್ಕೂ ನಡುವಿನ ರಸ್ತೆಯಲ್ಲಿ ಅವಳು ಬುಲ್ಡೋಜರಿನತ್ತ ತಿರುಗಿ ಕೂತಳು. ಸಾಣೆಯಣ್ಣ ಕೂತ. ಹಿಂದಿದ್ದವರಿಗೆ ಏನಾಗುತ್ತಿದೆ ಅಂತ ತಿಳಿಯಲಿಲ್ಲ, ಅವರೂ ಬುಲ್ಡೋಜರನ್ನು ಬಳಸಿ ಬಂದು ಕೂತರು.

ಸಾಹೇಬನ ಜೀಪು ಬಂತು. "ಏಯ್, ಏಳ್ರೋ! ಬಸ್ಸು ಕಾಯ್ತಾ ಇದೆ!"

ಯಾರೂ ಏಳಲಿಲ್ಲ. ಸಾಹೇಬ ಬುಲ್ಡೋಜರಿನವನಿಗೆ ಕೈ ಮಾಡಿದ. ಎಂಜಿನ್ ಗುರುಗುಟ್ಟಿತು, ದೀಪ ಹೊತ್ತಿ ಎಲ್ಲರ ಮುಖದ ಮೇಲೆ ಬಿತ್ತು. ಕಾವಲಿನವರ ಬಂದೂಕು ಹೆಗಲಿಗೇರಿತು. ದೂರದ ಬಯಲಲ್ಲಿ ಹಾಡು ಮತ್ತೆ ಶುರುವಾಗಿತ್ತು. ಜನ ಕೇಕೆ ಹಾಕುತ್ತಿದ್ದರು.

ಹತ್ತಿಯಕ್ಕನಿಗೆ ಹೆದರಿಕೆಯಾಯಿತು. ಸಾಲಿನ ಹಿಂದೆ ಇರಿಸಿದ್ದ ಅತ್ತೆಯ ಕಡೆ ತಿರುಗಿದಳು.

"ಏನೇ ಅದು ಬೆಳಕು?" ಮುದುಕಿ ಕೇಳಿದಳು.

"ಬುಲ್ಡೋಜರ್ ಅತ್ತೆ. ನಮ್ಮ ಮನೆ ಕೆಡವಕ್ಕೆ ಬಂದಿದೆ."

"ಹಾಗಾದ್ರೆ ನನ್ನ ಯಾಕೆ ಹಿಂದೆ ಕೂರಿಸಿದ್ದೀಯ? ಕುರ್ಚಿ ಮುಂದಕ್ಕೆ ಹಾಕು."