ನದಿ ಟೀಚರಿಗೆ ಜಾಗ

ಹಾರೆ ಬಂಡೆಗೆ ಬಡಿದು ಠಣ್ ಎಂದಿತು. ಗುಂಡಿ ತೋಡುವವನು ಅದನ್ನು ಪಕ್ಕಕ್ಕೆಸೆದು ಹಣೆ ಒರೆಸಿಕೊಂಡ.

"ಆಗಲ್ಲಮ್ಮ. ಮಂಡಿಯುದ್ದ ತೋಡೋ ಹೊತ್ತಿಗೆ ಬರೀ ಕಲ್ಲು. ಅದಕ್ಕೇ ಈ ಮೂಲೇನ ಯಾರೂ ಮುಟ್ಟಿಲ್ಲ. ಇಡೀ ಸ್ಮಶಾನದಲ್ಲಿ ಮೆತ್ತಗಿನ ಜಾಗ ಅಂತ ಉಳಿದಿರೋದು ಅದೊಂದೇ."

ಅವನು ಕೈ ತೋರಿಸಿದ ಕಡೆ ಒಂದು ಪುಟ್ಟ ಗೋರಿ, ಅದರ ಪಕ್ಕ ಒಬ್ಬರು ಮಲಗುವಷ್ಟು ಖಾಲಿ ನೆಲ. ಗೋರಿ, ಊರಿನ ಬಟ್ಟೆ ಹೊಲಿಯುವ ಟೈಲರಮ್ಮನ ಮಗಳದು. ಪಕ್ಕದ ನೆಲವನ್ನು ಟೈಲರಮ್ಮ ತನಗೆಂದು ಇಟ್ಟುಕೊಂಡು, ಆಗಾಗ ಬಂದು ಕಳೆ ಕೀಳುತ್ತಿದ್ದಳು. ಸತ್ತ ಟೀಚರ ಮಗಳು ಅತ್ತ ನೋಡಿದವಳೇ ಮುಖ ತಿರುಗಿಸಿದಳು.

"ಅಲ್ಲಿ ಬೇಡ."

"ಬೇಡ ಅಂದ್ರೆ? ಹೆಣ ಗೇಟಿನ ಹತ್ರ ಕಾಯ್ತಿದೆ," ಎಂದರು ಹೆಡ್‌ಮಾಸ್ಟರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅವರಿಗೆ ಊರೆಲ್ಲ ತಮ್ಮ ಶಾಲೆಯೇ. "ಅದು ಯಾರಪ್ಪನ ಸ್ವತ್ತೂ ಅಲ್ಲ. ಟೈಲರಮ್ಮ ಹೆಂಗೂ ಬಂದಿದ್ದಾಳೆ, ನಾನೇ ಕೇಳ್ತೀನಿ."

ಕೇಳಿದರು. ಜನರ ಹಿಂದೆ ನಿಂತಿದ್ದ ಟೈಲರಮ್ಮ ನೆಟ್ಟಗೆ ನಡೆದು ಹೋಗಿ ಆ ಖಾಲಿ ನೆಲದಲ್ಲಿ ಕಾಲು ಚಾಚಿ ಕುಳಿತಳು.

*

ಎಷ್ಟೋ ವರ್ಷಗಳ ಹಿಂದೆ ಟೀಚರು ಪುಟ್ಟ ಮಕ್ಕಳಿಗೆ ಪ್ರಾಚೀನ ಈಜಿಪ್ಟಿನ ಭೂಗೋಳ ಕಲಿಸುತ್ತಿದ್ದುದು ನೆಲದ ಮೇಲೆ. ನಕ್ಷೆಯನ್ನು ಗೋಡೆಗೆ ನೇತುಹಾಕಿದರೆ ನೈಲ್ ನದಿ ಕೆಳಗಿಂದ ಮೇಲಕ್ಕೆ ಹತ್ತಿದಂತೆ ಕಾಣುತ್ತದೆ, ಮಕ್ಕಳು ತಬ್ಬಿಬ್ಬಾಗುತ್ತಾರೆ ಎಂದು ಅವರ ವಾದ. ತಗಡಿನ ಅಗಲ ತಟ್ಟೆಯಲ್ಲಿ ಮರಳುಗಾಡು, ನಡುವೆ ನದಿಯ ಸೀಳು, ಇಕ್ಕೆಲದಲ್ಲೂ ಹೊಲಗಳು. ದಕ್ಷಿಣದ ತುದಿಯನ್ನು ಇಟ್ಟಿಗೆಯ ಮೇಲೆತ್ತಿ ಚೊಂಬಿನಿಂದ ನೀರು ಬಿಡುತ್ತಿದ್ದರು. ನೀರು ದಡ ಮೀರಿ ಹೊಲಕ್ಕೆ ನುಗ್ಗಿದ ಕೂಡಲೇ ಮಕ್ಕಳೆಲ್ಲ ಚಪ್ಪಾಳೆ ತಟ್ಟಬೇಕು.

"ಪ್ರವಾಹ ಬಂತು ಅಂದ್ರೆ?"

"ಊಟ ಬಂತು, ಟೀಚರ್!"

ಎಲ್ಲರಿಗಿಂತ ಜೋರು ದನಿ ಟೈಲರಮ್ಮನ ಮಗಳದು. ಆ ದಿನ, ನಮ್ಮೂರಿನ ಹೊಳೆ ಹಾಗಲ್ಲ, ಅದು ಉಕ್ಕಿದರೆ ದೂರ ಓಡಬೇಕು ಎಂದು ಟೀಚರು ಹೇಳಲು ಹೊರಡುವಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ಹೇಳಿದರಾಯಿತು ಎಂದುಕೊಂಡರು.

ಹೊಳೆ ಅಂದು ಸಂಜೆಯೇ ಉಕ್ಕಿತು. ಜನ ಪಾತ್ರೆಪಗಡೆ ಹೊತ್ತು ದಿಬ್ಬಕ್ಕೆ ಓಡುತ್ತಿದ್ದರೆ, ಟೈಲರಮ್ಮನ ಮಗು ಅವರಿಗೆ ಎದುರಾಗಿ ಹೊಳೆಯ ಕಡೆ ಓಡಿತು. ಅದನ್ನು ಕೊನೆಯ ಬಾರಿ ನೋಡಿದವರು ಹೇಳಿದ್ದಿಷ್ಟು: ನೀರಿನಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿತ್ತು.

ಟೀಚರು ಮತ್ತೆ ತಟ್ಟೆ ಮುಟ್ಟಲಿಲ್ಲ. ಪುಸ್ತಕ ಹಿಡಿದು ಸಾಲು ಸಾಲಾಗಿ ಓದಿಸಿ, ಸರ್ವಿಸು ಮುಗಿಸಿದರು. 'ನದಿ ಟೀಚರ್' ಎಂಬ ಹೆಸರು ಮಾತ್ರ ಊರ ಬಾಯಲ್ಲಿ ಉಳಿದುಹೋಯಿತು. ಪಾಪ, ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವರು ತಲೆ ತಗ್ಗಿಸುತ್ತಿದ್ದರು.

*

ಟೀಚರ ಮಗಳು ಟೈಲರಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ನಾನು ಜಾಗ ಕೇಳೋಕೆ ಬಂದಿಲ್ಲ. ಮೇಷ್ಟ್ರು ಕೇಳಿದ್ದು ತಪ್ಪಾಯ್ತು."

ಟೈಲರಮ್ಮ ಗೋರಿಯ ಮೇಲಿನ ಒಣಗಿದ ಎಲೆ ತೆಗೆದು ಹಾಕಿದಳು.

"ನಿಮ್ಮಮ್ಮ ಕಾಟಾಚಾರಕ್ಕೆ ಪಾಠ ಮಾಡಿದ್ದಿದ್ರೆ ನನ್ ಮಗು ಬದುಕಿರ್ತಿತ್ತು ಕಣೇ. ಅಷ್ಟು ಚೆನ್ನಾಗಿ ಯಾಕ್ ಹೇಳ್ಕೊಡಬೇಕಿತ್ತು? ಹೇಳಿದ್ದರಲ್ಲಿ ಒಂದಕ್ಷರ ಮರೀಲಿಲ್ಲ ಅದು."

ಮಗಳು ಎದ್ದು ಹೋಗಿ, "ಬಂಡೇನೇ ಒಡೀರಪ್ಪ," ಎಂದಳು. ಹೆಡ್‌ಮಾಸ್ಟರು ಗೊಣಗುತ್ತಾ ಕೊಡೆ ಬಿಚ್ಚಿಕೊಂಡರು.

ಸುತ್ತಿಗೆ ಏಟು ಬಹಳ ಹೊತ್ತು ಕೇಳಿಸಿತು. ಬಂದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಗುಂಡಿ ಸೊಂಟದ ಮಟ್ಟಕ್ಕೆ ಬಂದಾಗ ತೋಡುವವನು ಕೈಚೆಲ್ಲಿದ. ಉಳಿದಿದ್ದವರು ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹವನ್ನು ತಂದು ಇಳಿಸಿದರು. ಆಮೇಲೆ ತೋಡುವವನು ಸಲಿಕೆ ಹಿಡಿದು ಸುತ್ತ ನೋಡಿದ. ಗುಂಡಿಯ ಸುತ್ತ ಬಿದ್ದಿದ್ದುದೆಲ್ಲ ಬರೀ ಚೂಪು ಕಲ್ಲು.

"ಇದನ್ನ ಮುಖದ ಮೇಲೆ ಹೆಂಗಮ್ಮ ಹಾಕೋದು?"

ಮಗಳು ಇಷ್ಟು ಹೊತ್ತು ತಡೆದಿದ್ದ ಅಳು ಆಗ ಒಡೆಯಿತು.

"ಬುಟ್ಟಿ ತಾ ಇಲ್ಲಿ," ಎಂದಳು ಟೈಲರಮ್ಮ.

ತಾನು ಕುಳಿತಿದ್ದ ನೆಲವನ್ನು ತಾನೇ ಕೆದರಿ, ಎರಡೂ ಕೈಯಿಂದ ಮೆತ್ತಗಿನ ಮಣ್ಣು ಬಾಚಿ ಬುಟ್ಟಿ ತುಂಬಿದಳು. ಅವನು ಹೊತ್ತೊಯ್ದು ಸುರಿದು ಬಂದ, ಮತ್ತೆ ತುಂಬಿದಳು. ಬಿಳಿ ಬಟ್ಟೆ ಪೂರ್ತಿ ಮುಚ್ಚುವವರೆಗೂ ಕೊಟ್ಟಳು. ಆಮೇಲೆ ಬುಟ್ಟಿಯನ್ನು ದೂರ ತಳ್ಳಿ, ತಗ್ಗಾಗಿ ಹೋಗಿದ್ದ ತನ್ನ ಜಾಗದಲ್ಲಿ ಮತ್ತೆ ಕಾಲು ಚಾಚಿ ಕುಳಿತಳು.