ಎಡಗಾಲಿನ ಹೆಬ್ಬೆರಳು

ಅಜ್ಜಿಯ ಎಡಗಾಲಿನ ಹೆಬ್ಬೆರಳು ಮಾತು ಕೇಳುವುದಿಲ್ಲ ಎಂಬುದು ಆಸ್ಪತ್ರೆಯವರ ದೂರು. ನಿಜ ಹೇಳಬೇಕೆಂದರೆ ಮಾತು ಕೇಳದೆ ಇದ್ದವಳು ಅಜ್ಜಿಯೇ. ಪಾಪದ ಬೆರಳಿನ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದರು ಅಷ್ಟೆ.

ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಅದು ಐದನೇ ವಾರ. ಬೆಳಿಗ್ಗೆ ಹತ್ತಕ್ಕೆ ಫಿಸಿಯೋಥೆರಪಿಯ ಹುಡುಗಿ ಅವಳನ್ನು ಎರಡು ಉದ್ದನೆಯ ಕಂಬಿಗಳ ನಡುವೆ ನಿಲ್ಲಿಸಿ ನಡೆಸುತ್ತಿದ್ದಳು. ಬಲಗಾಲು ಒಳ್ಳೆಯ ವಿದ್ಯಾರ್ಥಿಯಂತೆ ಎದ್ದು ಮುಂದೆ ಹೋಗಿ ಊರುತ್ತಿತ್ತು. ಎಡಗಾಲು ಮಾತ್ರ ಹೆಬ್ಬೆರಳನ್ನು ಮುದುಡಿಕೊಂಡು, ನೆಲ ಸವರಿಕೊಂಡು, ಅರ್ಧ ಗಳಿಗೆ ತಡವಾಗಿ ಹಿಂದೆ ಬರುತ್ತಿತ್ತು. ಬಚ್ಚಲುಮನೆಯ ಹೊಸ್ತಿಲಿಗೆ ತಗುಲಿ ಅವಳನ್ನು ಕೆಡವಿದ್ದೂ ಇದೇ ಬೆರಳು. ಹುಡುಗಿ ಮೃದುವಾಗಿಯೇ ಹೇಳಿದಳು, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಕಾಲನ್ನು ಪೂರ್ತಿ ಎತ್ತಿ ಇಡುವುದನ್ನು ಕಲಿಯದಿದ್ದರೆ ಇನ್ನೊಮ್ಮೆ ಬೀಳುವುದು ಖಂಡಿತ, ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ. ಕಾಲಿನಲ್ಲಿ ಶಕ್ತಿಗೇನೂ ಕಡಿಮೆಯಿಲ್ಲ, ಇದು ಬರೀ ಅಭ್ಯಾಸ ಎಂದಳು. ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಅಜ್ಜಿ, ಮೊದಲಿನಿಂದಲೂ ಎಂದು ಹೇಳಿ ಗೋಡೆಯ ಗಡಿಯಾರ ನೋಡತೊಡಗಿದಳು.

ಅದು ಶುದ್ಧ ಸುಳ್ಳು. ಅಭ್ಯಾಸಕ್ಕೆ ತಿಥಿ, ವಾರ, ಕಾರಣ ಎಲ್ಲವೂ ಇದ್ದವು. ಕಾರಣ ಅದೇ ಕೋಣೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು, ದಿನವೂ ಆ ಎಡಗಾಲನ್ನೇ ನೋಡುತ್ತಾ ಕೂತಿರುತ್ತಿತ್ತು. ಎಪ್ಪತ್ತೈದು ದಾಟಿದ ಆ ಮನುಷ್ಯನನ್ನು ಇಡೀ ಬೀದಿ ರಾಣಿತಾತ ಎಂದೇ ಕರೆಯುತ್ತಿತ್ತು.

ಆ ಹೆಸರಿನ ಕಥೆ ಹಳೆಯದು. ದೊಡ್ಡ ಊರುಗಳಲ್ಲಿ ನಟಿಯರು ಬಂದಾಗಿದ್ದರೂ, ಈ ಊರಿನಲ್ಲಿನ್ನೂ ಹೆಂಗಸರು ರಂಗ ಹತ್ತಿದರೆ ಮರ್ಯಾದೆ ಹೋಗುತ್ತದೆಂದು ಗಂಡಸರೇ ತೀರ್ಮಾನಿಸಿ, ಗಂಡಸರೇ ಲಂಗ ತೊಟ್ಟು, ಗಂಡಸರೇ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ ಕಾಲ ಅದು. ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರಗಳೆಲ್ಲ ಇವನ ಪಾಲಿಗೆ. ಧ್ವನಿಯಿತ್ತು, ಕಣ್ಣಿತ್ತು, ಕೈಬೆರಳುಗಳಿದ್ದವು. ನಡಿಗೆ ಮಾತ್ರ ಕೈಕೊಟ್ಟಿತ್ತು. ರಾಣಿ ನಡೆದು ಬಂದರೆ ಪೋಸ್ಟ್‌ಮ್ಯಾನ್ ಬಂದಂತಿರುತ್ತದೆ ಎಂದು ಕಂಪನಿಯ ಯಜಮಾನರೇ ನಗುತ್ತಿದ್ದರಂತೆ.

ಅಜ್ಜಿಗೆ ಆಗ ಹತ್ತೊಂಬತ್ತು. ಕಂಪನಿಯ ಪೋಷಾಕು ಹೊಲಿಯುವ ದರ್ಜಿಯ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ. ಹೊಲಿದದ್ದನ್ನು ಗಂಟು ಕಟ್ಟಿ ಬಣ್ಣದ ಮನೆಗೆ ತಲುಪಿಸುವುದೂ ಅವಳದೇ. ಕಾಲಲ್ಲಿ ಅಕ್ಕನ ಹಳೆಯ ಚಪ್ಪಲಿ, ಎರಡು ಬೆರಳು ದೊಡ್ಡದು. ಅದರಲ್ಲೂ ಎಡಗಾಲಿನ ಪಟ್ಟಿ ಸಡಿಲ. ಬೀದಿಯ ನಡುವೆ ಚಪ್ಪಲಿ ಕಳಚಿಕೊಂಡು ಮಾನ ಹೋಗಬಾರದೆಂದು ಹೆಬ್ಬೆರಳಿನಿಂದ ಅದನ್ನು ಕಚ್ಚಿ ಹಿಡಿದು, ಮೆಲ್ಲಗೆ ಎಳೆದುಕೊಂಡು ನಡೆಯುತ್ತಿದ್ದಳು. ಬಣ್ಣದ ಮನೆಯ ಕಿಟಕಿಯಿಂದ ಇವನು ನೋಡಿದ. ಎರಡು ವಾರ ನೋಡಿದ. ಮೂರನೇ ವಾರ ರಾಣಿ ರಂಗದ ಮೇಲೆ ಎಡಗಾಲನ್ನು ಅರ್ಧ ಗಳಿಗೆ ತಡಮಾಡಿ ಎಳೆದು ಬಂದಾಗ ಜನ ಉಸಿರು ಬಿಗಿಹಿಡಿದರು. ಊರಿಗೆ ಊರೇ ಆ ನಡಿಗೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿತು.

ಮಾತಾಡಿದ್ದು ಆಮೇಲೆ. ಬೆನ್ನಿನ ಗುಂಡಿ ಹಾಕಿಕೊಡಲು ಹೋದವಳು, ರಾಣಿಯವರೇ, ಗಲ್ಲದ ಕೆಳಗೆ ಎರಡು ಕೂದಲು ಉಳಿದುಕೊಂಡಿದೆ ಎಂದಿದ್ದಳು. ಅದೇ ವರ್ಷ ಮದುವೆಯಾಯಿತು.

ಮದುವೆಯ ವಾರದಲ್ಲೇ ಅವನು ಅವಳಿಗೆ ಹೊಸ ಚಪ್ಪಲಿ ತಂದ. ಅಳತೆಗೆ ಸರಿಯಾದದ್ದು. ಅವಳು ಹಾಕಿಕೊಂಡು ಕೋಣೆಯ ಆ ತುದಿಯಿಂದ ಈ ತುದಿಗೆ ಟಪಟಪ ನಡೆದಳು. ಜೀವಮಾನದಲ್ಲಿ ಮೊದಲ ಸಲ ಅವಳ ಕಾಲು ಅವಳದಾಗಿತ್ತು. ತಲೆಯೆತ್ತಿ ನೋಡಿದರೆ ಗಂಡನ ಮುಖದಲ್ಲಿ ಏನೋ ಕಳೆದುಕೊಂಡವನ ಗಲಿಬಿಲಿ. "ಕಾಲು ನೋಯ್ತಾ ಇದೆಯಾ?" ಎಂದು ಕೇಳಿದ. ಅವಳಿಗೆ ಎಲ್ಲ ಅರ್ಥವಾಯಿತು, ಅಥವಾ ಹಾಗೆಂದುಕೊಂಡಳು. ಇಲ್ಲ ಎಂದು ಹೇಳಿ, ಹೆಬ್ಬೆರಳನ್ನು ಮುದುಡಿ, ಎಡಗಾಲನ್ನು ಎಳೆದುಕೊಂಡು ವಾಪಸ್ಸು ಬಂದಳು. ಅವನ ಮುಖ ಅರಳಿತು. ಅದಾಗಿ ಐವತ್ತಮೂರು ವರ್ಷ.

ಅಷ್ಟರಲ್ಲಿ ಕಾಲ ಸುಮ್ಮನಿರಲಿಲ್ಲ. ಇಲ್ಲಿಯ ರಂಗಕ್ಕೂ ಹೆಂಗಸರು ಬಂದರು. ಬರಬೇಕಾದವರೇ, ತಡವಾಗಿ ಬಂದರು. ರಾಣಿಗೆ ಪಾತ್ರಗಳು ತಪ್ಪಿದವು. ಅವನು ನಡಿಗೆಯನ್ನು ಶಿಷ್ಯನೊಬ್ಬನಿಗೆ ಕಲಿಸಿದ. ಆ ಶಿಷ್ಯ ಹೋಟೆಲಿನ ಮಹಡಿಯಲ್ಲಿ ಹೆಣ್ಣುವೇಷ ಹಾಕಿ ಜನರನ್ನು ನಗಿಸಿ ಹೊಟ್ಟೆ ಹೊರೆದ. ಅವನಿಂದ ಕಲಿತವನ ಹೆಸರು ಮಿಂಚು. ಹಗಲೆಲ್ಲ ಸಲೂನಿನಲ್ಲಿ ಕೂದಲು ಕತ್ತರಿಸುವ ಈ ಮೂವತ್ತೆರಡರ ಗಂಡಸು, ವಾರಕ್ಕೆರಡು ಸಂಜೆ ಮೊಳದುದ್ದದ ವಿಗ್ಗು, ಗೇಣೆತ್ತರದ ಹಿಮ್ಮಡಿಯ ಬೂಟು ತೊಟ್ಟು ಕ್ಲಬ್ಬಿನಲ್ಲಿ ಹಾಡಿ ಕುಣಿಯುತ್ತಿದ್ದ. ಅವನಿಗೆ ಹೆಣ್ಣೆಂದು ಯಾರನ್ನೂ ನಂಬಿಸಬೇಕಿರಲಿಲ್ಲ, ನಗಿಸಿ ತಪ್ಪಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ನಾನು ಹೀಗೇ, ಬೇಕಾದರೆ ನೋಡಿ ಎನ್ನುವ ಜಾತಿ. ವೇಷ ಬದಲಾಯಿತು, ಹಾಡು ಬದಲಾಯಿತು, ಎಡಗಾಲಿನ ಹೆಬ್ಬೆರಳು ಮಾತ್ರ ಬದಲಾಗಲಿಲ್ಲ. ರಾಣಿತಾತ ಅದನ್ನು ಲಜ್ಜೆ ಎಂದು ಕರೆದಿದ್ದ. ಶಿಷ್ಯ ಒಯ್ಯಾರ ಎಂದ. ಮಿಂಚು ಅದಕ್ಕೆ ಧಿಮಾಕು ಎಂದು ಹೆಸರಿಟ್ಟ. ಅಜ್ಜಿ ಮೂವರ ಮಾತನ್ನೂ ಕೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಈಗ ಕಾಲು ಎತ್ತಿ ಇಟ್ಟರೆ ನಡೆಯಬಹುದು. ಎತ್ತಿ ಇಟ್ಟರೆ ಐವತ್ತಮೂರು ವರ್ಷ ಆ ಕಾಲನ್ನು ನೋಡಿದ ಕಣ್ಣು ಏನು ಹೇಳೀತು? ಅವನು ಕಟ್ಟಿಕೊಂಡದ್ದು ಅಕ್ಕನ ಚಪ್ಪಲಿಯನ್ನು, ತನ್ನನ್ನಲ್ಲ ಎಂದು ಗೊತ್ತಾಗಿಬಿಟ್ಟರೆ? ಎಪ್ಪತ್ತೆರಡರ ಹೆಂಗಸಿಗೆ ಇದೆಂಥ ಹುಚ್ಚು ಅನ್ನಬೇಡಿ. ಇಂಥ ಭಯಕ್ಕೆ ವಯಸ್ಸಾಗುವುದಿಲ್ಲ. ಹಾಸಿಗೆ ಹಿಡಿದರೂ ಅವನ ಕಣ್ಣಲ್ಲಿ ತಾನು ತಾನಾಗಿಯೇ ಉಳಿದರೆ ಸಾಕು ಎಂದು ಅಜ್ಜಿ ಒಳಗೊಳಗೇ ನಿರ್ಧಾರ ಮಾಡಿಯಾಗಿತ್ತು.

ಆ ದಿನ ಬೆಳಿಗ್ಗೆ ಮಿಂಚು ನೋಡಲು ಬಂದ. ತನ್ನ ಹೊಸ ಪ್ರದರ್ಶನದ ಸಂಭ್ರಮದಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ತನಗಿಂತ ಮೊದಲು ಹೆಣ್ಣುವೇಷ ಹಾಕಿದವರನ್ನೆಲ್ಲ ಒಂದೇ ರಂಗಕ್ಕೆ ತರುತ್ತಾನಂತೆ. ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ. ಒಂದು ದೇಶದಲ್ಲಿ ಮುಖಕ್ಕೆ ಬಿಳಿ ಬಳಿದುಕೊಂಡು ಅಪ್ಪನಿಂದ ಮಗನಿಗೆ ಹೆಣ್ಣುಪಾತ್ರ ದಾಟಿಸಿದವರು, ಇನ್ನೊಂದರಲ್ಲಿ ದನಿ ಒಡೆಯುವವರೆಗೆ ಮಾತ್ರ ರಾಜಕುಮಾರಿಯಾಗಿದ್ದವರು, ಮತ್ತೊಂದರಲ್ಲಿ ಪೊಲೀಸರು ಬಾಗಿಲು ಬಡಿದರೆ ವಿಗ್ಗು ಕಂಕುಳಲ್ಲಿ ಇಟ್ಟುಕೊಂಡು ಓಡಿದವರು. ಕೊನೆಗೆ ನಮ್ಮ ಗುರುಪರಂಪರೆಯ ನಡಿಗೆ, ತಾತ ಬಂದು ನಡೆದು ತೋರಿಸಬೇಕು ಎಂದ. ತಾತ, ಮೊದಲು ಇವಳು ನಡೆಯಲಿ ಎಂದಷ್ಟೇ ಹೇಳಿದ.

ಅಜ್ಜಿಗೆ ಹುರುಪು ಬರಲೆಂದು ಮಿಂಚು ಚೀಲದಿಂದ ಗೇಣೆತ್ತರದ ಬೂಟು ತೆಗೆದು ಹಾಕಿಕೊಂಡು, ಕಂಬಿಗಳ ಪಕ್ಕದ ರಬ್ಬರು ಚಾಪೆಯ ಮೇಲೆ ನಡೆದ. ಅಜ್ಜಿ ನೋಡಿದಳು. ಹತ್ತೊಂಬತ್ತರ ತಾನೇ ಗಂಟು ಹೊತ್ತು ಹೋಗುತ್ತಿದ್ದಂತಿತ್ತು. ಬೂಟಿನೊಳಗೆ ಮುದುಡಿದೆಯೆಂದು ಗೊತ್ತಾಗುವ ಬೆರಳು, ಅರ್ಧ ಗಳಿಗೆಯ ತಡ, ಎಲ್ಲ ಹಾಗೆಯೇ. ತಿರುಗುವಾಗ ಎಳೆದ ಎಡಗಾಲು ಚಾಪೆಯ ಅಂಚಿಗೆ ಸಿಕ್ಕಿತು. ಅವನು ಮುಗ್ಗರಿಸಿ ಕಂಬಿ ಹಿಡಿದು ಬಚಾವಾದ. ಅಜ್ಜಿಯ ಜೀವ ಬಾಯಿಗೆ ಬಂತು.

"ಮೂರು ಸಲ ಹೀಗೇ ಆಗಿದೆ, ಮೂಳೆ ಗಟ್ಟಿ ಇದೆ" ಎಂದು ಅವನು ನಕ್ಕ. ಅಜ್ಜಿ ನಗಲಿಲ್ಲ.

"ಕಾಲೆತ್ತಿ ನಡಿಯೋ" ಎಂದಳು. "ಅದು ಲಜ್ಜೆಯೂ ಅಲ್ಲ, ಧಿಮಾಕೂ ಅಲ್ಲ. ನಮ್ಮಕ್ಕನ ಚಪ್ಪಲಿ. ನನ್ನ ಕಾಲಿಗೆ ದೊಡ್ಡದಾಗ್ತಿತ್ತು, ಬೀಳದ ಹಾಗೆ ಹಿಡ್ಕೊಂಡು ನಡೀತಿದ್ದೆ. ಅಷ್ಟೇ."

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಹೊರಗೆ ಬಂತು. ಹೊಸ ಚಪ್ಪಲಿ, ಟಪಟಪ ನಡಿಗೆ, ಅವನ ಮುಖ ಬಾಡಿದ್ದು, ತಾನು ಮತ್ತೆ ಬೆರಳು ಮುದುಡಿದ್ದು, ಎಲ್ಲವನ್ನೂ ಕಂಬಿ ಹಿಡಿದು ನಿಂತು ನೆಲಕ್ಕೆ ಹೇಳಿದಳು. ಮಿಂಚು ಬೂಟು ಬಿಚ್ಚುತ್ತಾ, ಹಾಗಾದರೆ ನಮ್ಮ ಮೂರು ತಲೆಮಾರಿನ ವಿದ್ಯೆ ಒಂದು ಚಪ್ಪಲಿಯದಾ ಎಂದು ಬೆಪ್ಪಾಗಿ ಕೇಳಿದ. ಫಿಸಿಯೋ ಹುಡುಗಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು.

ರಾಣಿತಾತ ಎದ್ದ. ಹಣ್ಣಿನ ಚೀಲವನ್ನು ಕುರ್ಚಿಯ ಮೇಲಿಟ್ಟು ಯಾರನ್ನೂ ನೋಡದೆ ಹೊರಗೆ ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಅಜ್ಜಿ ಕಂಬಿ ಬಿಡಲಿಲ್ಲ. ಹುಡುಗಿ ಕೂರಿಸಲು ಬಂದರೆ ಬೇಡವೆಂದಳು. ಇನ್ನು ಹೆಬ್ಬೆರಳು ಮುದುಡಿದರೂ ಒಂದೇ, ಬಿಟ್ಟರೂ ಒಂದೇ. ಐದು ನಿಮಿಷವಾಯಿತು, ಹತ್ತಾಯಿತು. ಬಾಗಿಲು ತೆರೆದಾಗ ತಾತನ ಮುಖ ಒದ್ದೆಯಾಗಿತ್ತು. ನಲ್ಲಿಯ ನೀರಿನಲ್ಲಿ ತೊಳೆದುಕೊಂಡು ಬಂದಿದ್ದ. ಕಣ್ಣು ಕೆಂಪಾಗಿದ್ದುದನ್ನು ನೀರು ಮುಚ್ಚಿರಲಿಲ್ಲ.

ಅವನು ಕಂಬಿಯ ಆಚೆ, ಅವಳ ಎದುರಿಗೆ ಬಂದು ನಿಂತ.

"ನಾನು ಮೂರು ಗಂಟೆ ವೇಷ ಹಾಕ್ತಿದ್ದೆ, ಆಮೇಲೆ ಬಿಚ್ಚಿಟ್ಟು ಮನೆಗೆ ಬರ್ತಿದ್ದೆ" ಎಂದ. "ನೀನು ಐವತ್ತಮೂರು ವರ್ಷ ಬಿಚ್ಚಲೇ ಇಲ್ವಲ್ಲೇ."

ಅಜ್ಜಿ ಮುಖ ಎತ್ತಿದಳು. "ಆ ನಡಿಗೆ ಇಲ್ದಿದ್ರೆ ನೀವು ನನ್ನನ್ನ ನೋಡ್ತಿದ್ರಾ?"

ಸುಳ್ಳು ಹೇಳಿ ಸಮಾಧಾನ ಮಾಡುವುದು ಅವನಿಗೆ ಸುಲಭವಿತ್ತು, ಎಷ್ಟೆಂದರೂ ನಟ. ಅವನು ಹಾಗೆ ಮಾಡಲಿಲ್ಲ.

"ಗೊತ್ತಿಲ್ಲ. ಕಿಟಕಿಯಿಂದ ನೋಡಿದ್ದು ನಡಿಗೆನೇ. ಆದರೆ ಗಲ್ಲದ ಕೆಳಗೆ ಎರಡು ಕೂದಲು ಉಳ್ಕೊಂಡಿದೆ ಅಂತ ಹೇಳಿದ್ದು ನಡಿಗೆಯಲ್ಲ. ಮನೆಗೆ ಕರ್ಕೊಂಡು ಬಂದದ್ದು ಅವಳನ್ನ." ಆಮೇಲೆ ಅವಳ ಪಾದದ ಕಡೆ ನೋಡಿ ಹೇಳಿದ, "ಸಾಕು, ಈಗ ಬಿಚ್ಚಿಡು."

ಅಜ್ಜಿ ಹೆಬ್ಬೆರಳನ್ನು ಸಡಿಲ ಬಿಟ್ಟಳು. ಬಿಡುವುದಕ್ಕೇ ಹೊತ್ತು ಹಿಡಿಯಿತು, ಅಷ್ಟು ವರ್ಷದ ಬಿಗಿ. ಎಡಗಾಲನ್ನು ನೆಲದಿಂದ ಎತ್ತಿ ಮುಂದೆ ಇಟ್ಟಳು. ಲಜ್ಜೆ, ಒಯ್ಯಾರ ಯಾವುದೂ ಇಲ್ಲದ ಹೆಜ್ಜೆ ಧಪ್ಪೆಂದು ಬಿತ್ತು. ಹುಡುಗಿ ಭೇಷ್ ಎಂದಳು. ಇನ್ನೊಂದು ಹೆಜ್ಜೆ, ಮತ್ತೊಂದು.

ಹಿಂದಿನಿಂದ ಏನೋ ಸದ್ದಾಯಿತು. ಅಜ್ಜಿ ಕತ್ತು ತಿರುಗಿಸಿ ನೋಡಿದರೆ, ರಾಣಿತಾತ ಸುತ್ತಿಕೊಂಡು ಕಂಬಿಗಳ ನಡುವೆ ಬಂದು, ಅವಳ ಹಾಗೆಯೇ ಎರಡೂ ಕೈಯಲ್ಲಿ ಅವನ್ನು ಹಿಡಿದುಕೊಂಡು, ಅವಳ ಹಾಗೆಯೇ ಬೆನ್ನು ತುಸು ಬಾಗಿಸಿ, ಎಡಗಾಲನ್ನು ಎತ್ತಿ ಧಪ್ಪೆಂದು ಇಡುತ್ತಿದ್ದ. ಅವನ ಬೆನ್ನಿಗೆ ಮಿಂಚು, ಬರಿಗಾಲಲ್ಲಿ. ತಾತ ಇಷ್ಟು ವರ್ಷ ಎಷ್ಟೋ ರಾಣಿಯರಾಗಿದ್ದ, ಒಬ್ಬಳೂ ಮುದುಕಿಯಾಗಿರಲಿಲ್ಲ.

"ನಿಧಾನಕ್ಕೆ ನಡಿಯೇ" ಎಂದ. "ನಾನು ಕಲ್ತುಕೋಬೇಕು."

ಅಜ್ಜಿ ಮುಂದಕ್ಕೆ ತಿರುಗಿಕೊಂಡಳು. ಎಡಗಾಲನ್ನು ಎತ್ತಿ, ಅವನಿಗೆ ಚೆನ್ನಾಗಿ ಕಾಣಲೆಂದು ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಆಮೇಲೆ ಇಟ್ಟಳು.