ನಮ್ಮ ಟ್ರೇಲರಿನ ಚಾಸಿ

ಇಂಡಿಯಾನಾದ ನಮ್ಮ ಕಡೆ ಕಾರಿನ ಹಿಂದೆ ಕಟ್ಟಿ ಪ್ರವಾಸಕ್ಕೆ ಒಯ್ಯುವ ಯಾರ ಹಳೇ ಟ್ರೇಲರಿನ ಚಾಸಿ ತುಕ್ಕು ಹಿಡಿದರೂ ನನ್ನ ಗಂಡ ಹಾರ್ಲನ್‌ನನ್ನು ಹುಡುಕಿಕೊಂಡು ಬರುತ್ತಾರೆ. ಮಲಗುವ ಕೋಣೆಯಂಥ ಮೇಲಿನ ಅಲ್ಯೂಮಿನಿಯಂ ಗೂಡನ್ನು ಎತ್ತಿ, ಅಡಿಯಲ್ಲಿ ಚಕ್ರದ ಮೇಲಿರುವ ಕೊಳೆತ ಕಬ್ಬಿಣದ ಚಾಸಿ ಕಳಚಿ, ಹೊಸದನ್ನು ಬೆಸೆದು ಕೂರಿಸಿಕೊಡುವುದು ಅವನ ಕಸುಬು. ಬೋಲ್ಟು ಬಿಗಿಯುವವಳು ನಾನು. ನಮ್ಮದೇ ಟ್ರೇಲರು ಮಾತ್ರ ಶೆಡ್ಡಿನ ಹಿಂದೆ ಕೊಳೆಯುತ್ತಿತ್ತು. ಅದರಲ್ಲಿ ಸುಪೀರಿಯರ್ ಸರೋವರದ ದಂಡೆಗೆ ಹೋಗಬೇಕೆಂದು ಎಷ್ಟೋ ಬೇಸಿಗೆಗಳಿಂದ ಬಾಯಿ ನೋಯಿಸಿಕೊಂಡಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ, ನನ್ನ ಗಂಡ.

ಈ ವಸಂತದಲ್ಲಿ ಅಂತೂ ಮನಸ್ಸು ಮಾಡಿದ. ನಮ್ಮ ಗೂಡನ್ನು ಚೈನ್ ಪುಲ್ಲಿಗೆ ನೇತುಹಾಕಿ ಹೊಸ ಚಾಸಿ ಕಟ್ಟಿದ. ಕಪ್ಪು ಬಣ್ಣ ನಾನೇ ಬಳಿದೆ. ಬಣ್ಣ ಆರುವಷ್ಟರಲ್ಲಿ ಶಾಲೆ ಬಸ್ಸು ಓಡಿಸಿ ನಿವೃತ್ತನಾದ ಡೆಲ್ಬರ್ಟ್ ಕ್ರೌಸ್ ನಮ್ಮದೇ ಮಾದರಿಯ ಟ್ರೇಲರು ಎಳೆದುಕೊಂಡು ಬಂದ. ಹಾರ್ಲನ್ ನಮ್ಮ ಚಾಸಿಯನ್ನೇ ಅವನಿಗೆ ಒಪ್ಪಿಸಿಬಿಟ್ಟ.

"ಪಾಪ, ಅವ್ರು ಜೂನಲ್ಲೇ ಹೊರಡ್ಬೇಕಂತೆ ಲೊರೆಟಾ. ನಮ್ದೇನು, ಎಲ್ಲಿಗೆ ಓಡಿಹೋಗುತ್ತೆ?"

"ಓಡಲ್ಲ ಅನ್ನೋದೇ ನನ್ನ ಗೋಳು. ಈಗ ಚಕ್ರಾನೂ ಇಲ್ವಲ್ಲ!"

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವನು ನೋಡಲಿಲ್ಲ.

ಮರುದಿನ ಕ್ರೌಸ್‌ನ ಗೂಡನ್ನು ಇನ್ನೊಂದು ಪುಲ್ಲಿಯಿಂದ ಎತ್ತಿ ನಮ್ಮ ಚಾಸಿಯ ಮೇಲೆ ಇಳಿಸಿದರೆ ಹಿಂದಿನ ಎಡಮೂಲೆ ಕೂರಲೇ ಇಲ್ಲ. ಎತ್ತಿದರು, ಇಳಿಸಿದರು. ಹಾರೆ ಹಾಕಿ ಮೀಟಿದರು. ಹಾರ್ಲನ್‌ನ ಬೆರಳು ಜಜ್ಜಿತು, ಅವನಿಗೆ ಗೊತ್ತಿದ್ದ ಬೈಗುಳವೆಲ್ಲ ಮುಗಿಯಿತು.

"ನಿಮ್ ಗೂಡೇ ಸೊಟ್ಟ ಕ್ರೌಸ್!"

"ಇಷ್ಟು ವರ್ಷ ನೆಟ್ಟಗಿತ್ತಲ್ಲಪ್ಪ."

"ಅದೇ ನೋಡಿ ನಿಮ್ ತಪ್ಪು," ಅಂದೆ ನಾನು. "ನಿಮ್ದು ನೆಟ್ಟಗಿದೆ."

ಹಾರ್ಲನ್ ಹಾರೆ ಕೆಳಗಿಟ್ಟ. ಮದುವೆಯಾದ ಹೊಸತರಲ್ಲಿ ನಮ್ಮ ಟ್ರೇಲರನ್ನು ಹಿಂದಕ್ಕೆ ತರುವಾಗ ಮೇಪಲ್ ಮರಕ್ಕೆ ಗುದ್ದಿದವನು ಅವನೇ. ಅಂದಿನಿಂದ ನಮ್ಮ ಗೂಡಿನ ಆ ಮೂಲೆ ಮೇಲಕ್ಕೆದ್ದಿದೆ. ಹೊಸ ಚಾಸಿಯನ್ನೂ ಆ ಸೊಟ್ಟಕ್ಕೆ ತಕ್ಕಂತೆ ಕಟ್ಟಿ, ಕಟ್ಟಿದ್ದನ್ನೇ ಮರೆತಿದ್ದ.

"ನಿಂಗೆ ಗೊತ್ತಿತ್ತಾ?"

"ಗುದ್ದಿದಾಗ ಪಕ್ಕದಲ್ಲಿ ಕೂತಿದ್ದವಳು ನಾನೇ ತಾನೆ?"

"ಬಾಯಿ ಬಿಡೋಕೆ ಏನಾಗಿತ್ತು?"

"ಚಾಸಿ ಕೊಡೋವಾಗ ನನ್ನ ಕೇಳಿದ್ಯಾ?"

ಇಷ್ಟಾದ ಮೇಲಾದರೂ ಬುದ್ಧಿ ಬಂದೀತು ಅಂದುಕೊಂಡೆ. ಅವನು ಸೊಟ್ಟಮೂಲೆಯನ್ನು ಸವರುತ್ತಾ, "ಇಷ್ಟೇ ತಾನೆ, ಈ ತುಂಡು ಕತ್ತರಿಸಿ ನೆಟ್ಟಗೆ ಬೆಸೆದ್ರಾಯ್ತು," ಅಂದ. ಕ್ರೌಸ್‌ನ ಗೂಡನ್ನು ಮತ್ತೆ ಮೇಲಕ್ಕೆತ್ತಿ, ಇಬ್ಬರೂ ಕಬ್ಬಿಣ ತರಲು ಪಿಕಪ್ ಗಾಡಿಯಲ್ಲಿ ಹೊರಟೇಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಚಾಸಿಯನ್ನು ತಳ್ಳಿಕೊಂಡು ಹೋಗಿ, ನೇತಾಡುತ್ತಿದ್ದ ನಮ್ಮ ಗೂಡಿನ ಕೆಳಗೆ ನಿಲ್ಲಿಸಿದೆ. ಸರಪಳಿ ಸಡಿಲಿಸುತ್ತಾ ಬಂದೆ. ನಾಲ್ಕೂ ಮೂಲೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಬೋಲ್ಟು ಬಿಗಿದೆ. ಆಮೇಲೆ ಅದರ ಅಡಿಯಲ್ಲಿ ಅಂಗಾತ ಮಲಗಿ, ಮೇಲಿನ ಹಲಗೆ ಸುಡದಂತೆ ಒದ್ದೆ ಬಟ್ಟೆ ಒತ್ತಿ, ಹಾರ್ಲನ್‌ನ ವೆಲ್ಡಿಂಗ್ ಯಂತ್ರದಿಂದ ಒಂದೊಂದು ಬೋಲ್ಟಿನ ತುದಿಯನ್ನೂ ನಟ್ಟಿಗೆ ಬೆಸೆದೆ.

ಹಾರ್ಲನ್ ಬಂದು ಬಗ್ಗಿ ನೋಡಿದ. ಒಂದು ನಟ್ಟಿಗೆ ಸ್ಪಾನರು ಹಾಕಿ ತಿರುಗಿಸಿದ, ಅದು ಕದಲಲಿಲ್ಲ.

"ಬೋಲ್ಟಿಗೆ ಯಾರಾದ್ರೂ ವೆಲ್ಡಿಂಗ್ ಮಾಡ್ತಾರಾ? ಬಿಗಿದಿದ್ರೆ ಸಾಕಿತ್ತಲ್ಲ!"

"ಬಿಗಿದಿದ್ರೆ ನೀನು ಬಿಚ್ತಿದ್ದೆ," ಅಂದೆ.